ಬೆಟ್ಟದ ಆಸ್ಪತ್ರೆಯೂ ನಾವು ಹೇಳುವ ತ್ಯಾಗದ ಕಥೆಯೂ

ಬಿಳಿಗಿರಿರಂಗನಬೆಟ್ಟದ ಆಸ್ಪತ್ರೆಯ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಬಹುಪಾಲು ಒಂದೇ ಕಥೆಯನ್ನು ಹೇಳುತ್ತವೆ. ಬೆಂಗಳೂರು ಮೆಡಿಕಲ್ ಕಾಲೇಜಿನಿಂದ 1973ರಲ್ಲಿ ಪದವಿ ಪಡೆದ ತರುಣ ವೈದ್ಯರೊಬ್ಬರು ನಗರದ ಸಂಪಾದನೆಯನ್ನು ಬಿಟ್ಟು ಕಾಡಿಗೆ ಬಂದರು, ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿದರು, ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಬದುಕನ್ನು ಬದಲಿಸಿದರು, 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಇದರಲ್ಲಿ ಸುಳ್ಳೇನೂ ಇಲ್ಲ. ಡಾ. ಎಚ್. ಸುದರ್ಶನ್ ಅವರ ಕೆಲಸದ ಬಗ್ಗೆ ನನಗಿರುವ ಗೌರವವೂ ಕಡಿಮೆಯದಲ್ಲ. ಆದರೂ ಈ ಕಥೆಯನ್ನು ನಾವು ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ.

ಇಂಥ ಬರಹ ಓದಿದಾಗ ಮನಸ್ಸು ತುಂಬಿ ಬರುತ್ತದೆ, ಕೈಮುಗಿಯಬೇಕೆನಿಸುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಅಂಥ ಮಹಾನುಭಾವರು ಎಲ್ಲ ಕಡೆ ಸಿಗುತ್ತಾರೆಯೇ ಎಂದು ನಿಟ್ಟುಸಿರು ಬಿಟ್ಟವರು, ತಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿರುವುದನ್ನು ಹಣೆಬರಹವೆಂದು ಒಪ್ಪಿಕೊಳ್ಳುವುದಕ್ಕೆ ಆ ಕಥೆಯೇ ನೆಪವಾಗಿಬಿಡುತ್ತದೆ. ಒಂದು ಪುಟ್ಟ ಆಸ್ಪತ್ರೆ ನಾಲ್ಕು ದಶಕ ಬಾಳಿದ್ದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನಗೆ ಕಂಡಂತೆ ಅದನ್ನು ಬಾಳಿಸಿದ್ದು ಒಬ್ಬರ ತ್ಯಾಗಕ್ಕಿಂತ ಹೆಚ್ಚಾಗಿ, ಆ ನೆಲದಲ್ಲೇ ಹುಟ್ಟಿದವರಿಗೆ ಕೆಲಸ ಕಲಿಸಿ, ಸಂಬಳ ಕೊಟ್ಟು, ಅಲ್ಲಿಯೇ ಉಳಿಸಿಕೊಂಡ ವ್ಯವಸ್ಥೆ.

ಸ್ಥಳದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಬೆಟ್ಟ ಇರುವುದು ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ. 1997ಕ್ಕೆ ಮುಂಚೆ ಇದೆಲ್ಲ ಮೈಸೂರು ಜಿಲ್ಲೆಯೇ ಆಗಿತ್ತು. ಸೋಲಿಗರು ಪೋಡುಗಳಲ್ಲಿ, ಅಂದರೆ ತಮ್ಮ ಪುಟ್ಟ ಹಾಡಿಗಳಲ್ಲಿ, ವಾಸಿಸುತ್ತ, ಕಾಡಿನ ಗೆಡ್ಡೆ, ಸೊಪ್ಪು, ಜೇನು, ತಾವೇ ಬೆಳೆದ ರಾಗಿ ಇವುಗಳ ಮೇಲೆ ಬದುಕಿದವರು. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದಾಗಿ ದೇವರನ್ನೇ ಭಾವನೆಂದು ಕರೆಯುವ ಜನ. 1974ರಲ್ಲಿ ಈ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದ ಮೇಲೆ ಬೇಟೆಯೂ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವೂ ನಿಂತವು, ಕಾಡಿನೊಳಗಿನ ಹಲವು ಪೋಡುಗಳನ್ನು ಎಬ್ಬಿಸಿ ರಸ್ತೆಬದಿಯ ಕಾಲೊನಿಗಳಿಗೆ ತರಲಾಯಿತು. ಊಟದ ತಟ್ಟೆ ಬದಲಾಯಿತು. ರಕ್ತಹೀನತೆ, ಅಪೌಷ್ಟಿಕತೆ ಎಂದು ಇಂದು ಆರೋಗ್ಯ ಇಲಾಖೆಯ ವರದಿಗಳಲ್ಲಿ ಕಾಣುವ ಪದಗಳಿಗೂ ಆ ಘೋಷಣೆಗೂ ಇರುವ ನಂಟನ್ನು ಮರೆತು ಇಲ್ಲಿನ ಆಸ್ಪತ್ರೆಯ ಇತಿಹಾಸವನ್ನು ಬರೆಯಲಾಗದು. ಸುದರ್ಶನ್ ಬೆಟ್ಟಕ್ಕೆ ಬಂದದ್ದು, 1981ರಲ್ಲಿ ಈ ಆಸ್ಪತ್ರೆಯನ್ನು ನಡೆಸುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾದದ್ದು ಈ ಸಂಕಟದ ವರ್ಷಗಳಲ್ಲಿ.

ಮೊದಮೊದಲು ವೈದ್ಯರನ್ನು ಕಂಡರೆ ಜನ ದೂರ ಸರಿಯುತ್ತಿದ್ದರಂತೆ. ಅದರಲ್ಲಿ ಆಶ್ಚರ್ಯವಿಲ್ಲ, ಅಲ್ಲಿಯವರೆಗೆ ಪ್ಯಾಂಟು ಹಾಕಿಕೊಂಡು ಪೋಡಿಗೆ ಬಂದವರು ಏನಾದರೊಂದನ್ನು ಕಿತ್ತುಕೊಳ್ಳುವುದಕ್ಕೇ ಬಂದಿದ್ದರು. ಹಾವು ಕಚ್ಚಿದವರು, ಕರಡಿ ಪರಚಿದವರು ಬದುಕುಳಿದದ್ದನ್ನು ಕಂಡ ಮೇಲೆ ನಂಬಿಕೆ ಕುದುರಿತು. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಸೋಲಿಗ ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ಹೆರುವ ರೂಢಿಯವರು. ಮಲಗಿಸಿಯೇ ಹೆರಿಗೆ ಮಾಡಿಸಬೇಕೆಂದು ಕಾಲೇಜಿನಲ್ಲಿ ಕಲಿತು ಬಂದ ವೈದ್ಯರು ಈ ರೂಢಿಯನ್ನು ಅಜ್ಞಾನವೆಂದು ತಳ್ಳಿಹಾಕದೆ, ದೇಹದ ಭಾರವೇ ಹೆರಿಗೆಗೆ ಒತ್ತಾಸೆಯಾಗುವ ಭಂಗಿಯಿದು ಎಂದು ಒಪ್ಪಿಕೊಂಡರು. ಸೂಲಗಿತ್ತಿಯನ್ನೂ ನಾಟಿ ವೈದ್ಯರನ್ನೂ ಎದುರಾಳಿಗಳೆಂದು ಕಾಣದೆ ಜೊತೆಗಾರರೆಂದು ಕಂಡದ್ದು ಆಸ್ಪತ್ರೆಯ ಬಾಗಿಲನ್ನು ನಿಜವಾಗಿ ತೆರೆದ ಸಂಗತಿಯೆಂದು ನಾನು ಭಾವಿಸುತ್ತೇನೆ.

ಚಿಕಿತ್ಸೆಯ ಜೊತೆಗೇ ಆರು ಮಕ್ಕಳಿಂದ ಒಂದು ಶಾಲೆ ಶುರುವಾಯಿತು. ದಾನಿಗಳ ಕಣ್ಣಿಗೆ ಇವೆರಡೂ ಬೇರೆಬೇರೆ ಯೋಜನೆಗಳಾಗಿ ಕಂಡಿರಬಹುದು, ಆದರೆ ಆಸ್ಪತ್ರೆಯ ಬೇರು ಇರುವುದು ಆ ಶಾಲೆಯಲ್ಲಿ. ಕಾಡಿನ ಹೆಣ್ಣುಮಕ್ಕಳು ಓದಿ, ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ತರಬೇತಿ ಪಡೆದು, ತಮ್ಮ ಜನರ ನಡುವೆಯೇ ದಾದಿಯರಾಗಿ ಕೆಲಸಕ್ಕೆ ನಿಂತರು. ಸೋಲಿಗರ ನುಡಿಯಲ್ಲೇ ಮಾತನಾಡುವ, ಯಾವ ಪೋಡಿನಲ್ಲಿ ಯಾರ ಮನೆಗೆ ಯಾರು ಸೊಸೆಯಾಗಿ ಬಂದಿದ್ದಾಳೆ, ಆಕೆಗೆ ಎಷ್ಟನೆಯ ತಿಂಗಳು ಎಂಬುದನ್ನು ರಿಜಿಸ್ಟರ್ ತೆರೆಯದೆ ಹೇಳಬಲ್ಲ ನರ್ಸಮ್ಮ ಒಬ್ಬಳಿದ್ದರೆ, ವೈದ್ಯರು ಬದಲಾದರೂ ಆಸ್ಪತ್ರೆ ಬದಲಾಗುವುದಿಲ್ಲ. ವೈದ್ಯರು ಬರುತ್ತಾರೆ, ಸ್ನಾತಕೋತ್ತರ ಸೀಟು ಸಿಕ್ಕರೆ ಹೋಗುತ್ತಾರೆ, ಅವರನ್ನು ದೂರಲಾಗದು. ಹೋಗುವವರ ಮೇಲೆ ಕಟ್ಟಿದ ಆಸ್ಪತ್ರೆ ಅವರೊಂದಿಗೇ ಹೋಗುತ್ತದೆ ಅಷ್ಟೆ.

ಬೆಟ್ಟದ ಬುಡದಲ್ಲಿ, ಯಳಂದೂರಿನಲ್ಲಿ, ಇದೇ ತರ್ಕ ಇನ್ನೊಂದು ರೂಪದಲ್ಲಿ ಬೆಳೆಯಿತು. ಆ ತಾಲ್ಲೂಕಿನಲ್ಲಿ ಕುಷ್ಠರೋಗ ವಿಪರೀತವಾಗಿದ್ದ ಕಾಲವದು. 1986ರಲ್ಲಿ ಸುದರ್ಶನ್ ಅವರದೇ ಕರುಣಾ ಟ್ರಸ್ಟ್ ಆರಂಭವಾದದ್ದೇ ಅದಕ್ಕಾಗಿ. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲೇ ಶಿಫಾರಸು ಮಾಡಿತ್ತು, ಆದ್ದರಿಂದ ರೋಗ ಗುಣವಾಗುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು, ಮೈಮೇಲಿನ ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಹೆಂಗಸನ್ನೂ ಮಗಳ ಮದುವೆ ನಿಂತೀತೆಂದು ಬಾಯಿ ಬಿಡದ ಗಂಡಸನ್ನೂ ಗುರುತಿಸುವುದು, ಗುರುತಿಸಿದ ಮೇಲೆ ತಿಂಗಳುಗಟ್ಟಲೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಆ ಕೆಲಸ ಓಪಿಡಿಯಲ್ಲಿ ಕುಳಿತವರಿಂದ ಆಗುವಂಥದ್ದಲ್ಲ, ಬಾಗಿಲಿಗೆ ಹೋಗುವವರಿಂದ ಮಾತ್ರ ಆಗುವಂಥದ್ದು. ಎರಡು ದಶಕಗಳೊಳಗೆ ಕುಷ್ಠ ಅಲ್ಲಿನ ಸಾರ್ವಜನಿಕ ಸಮಸ್ಯೆಯಾಗಿ ಉಳಿಯಲಿಲ್ಲ.

ಮೂರ್ಛೆರೋಗದ ವಿಷಯ ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ, ಏಕೆಂದರೆ ಅದು ನಮ್ಮ ಬಚ್ಚಲುಮನೆಗೆ ಸಂಬಂಧಿಸಿದ್ದು. ಹಂಡೆಯ ಸುಡುನೀರನ್ನು ತಲೆಯ ಮೇಲೆ ಚೊಂಬು ಚೊಂಬಾಗಿ ಹುಯ್ದುಕೊಳ್ಳುವಾಗ ಫಿಟ್ಸ್ ಬರುವುದುಂಟು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದನ್ನು ದೆವ್ವದ ಕಾಟವೆಂದು ಮಂತ್ರ ಹಾಕಿಸುತ್ತಿದ್ದವರೂ ಇದ್ದರು. ಬಿಸಿನೀರಿನ ಮೂರ್ಛೆಯೆಂದು ವೈದ್ಯಕೀಯ ಲೋಕಕ್ಕೆ ಇದನ್ನು ಪರಿಚಯಿಸಿದವರಲ್ಲಿ ಮುಖ್ಯರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. ಅವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಮೂರ್ಛೆರೋಗಿಗಳನ್ನು ಗುರುತಿಸಿ, ಫೀನೋಬಾರ್ಬಿಟಲ್, ಫೆನಿಟಾಯಿನ್ ಎಂಬ ಅಗ್ಗದ, ಹಳೆಯ ಮಾತ್ರೆಗಳನ್ನೇ ಕೊಟ್ಟು ವರ್ಷಾನುಗಟ್ಟಲೆ ಹಿಂಬಾಲಿಸಿದರು. ದುಬಾರಿ ಸ್ಕ್ಯಾನಿಂಗ್ ಇಲ್ಲದ, ತಜ್ಞರು ನಿತ್ಯ ಸಿಗದ ಹಳ್ಳಿಗಳಲ್ಲಿಯೂ ಈ ಮಾತ್ರೆಗಳಿಂದ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬುದು ಅದರ ಫಲಿತಾಂಶ. 2001ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಳಂದೂರಿನ ಹೆಸರು ಜಗತ್ತಿನ ನರರೋಗ ತಜ್ಞರಿಗೆ ಗೊತ್ತಾದ ಮೇಲೂ ನಮ್ಮ ರಾಜ್ಯದ ಎಷ್ಟೋ ಆರೋಗ್ಯ ಕೇಂದ್ರಗಳಲ್ಲಿ ಮೂರ್ಛೆರೋಗದ ಮಾತ್ರೆ ಕೇಳಿದರೆ ಮುಂದಿನ ವಾರ ಬನ್ನಿ ಎನ್ನುತ್ತಾರೆ. ಈ ಮಾತ್ರೆಯನ್ನು ಒಂದು ವಾರ ತಪ್ಪಿಸಿದರೆ ಏನಾಗುತ್ತದೆಂಬುದು ರೋಗಿಯ ಮನೆಯವರಿಗೆ ಗೊತ್ತು.

1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಕರುಣಾ ಟ್ರಸ್ಟ್‌ಗೆ ವಹಿಸಿಕೊಟ್ಟಿತು. ಕಟ್ಟಡ ಸರ್ಕಾರದ್ದು, ಔಷಧ ಸರ್ಕಾರದ್ದು, ನಡೆಸುವವರು ಮಾತ್ರ ಬೇರೆ. ಹೆರಿಗೆ, ಚುಚ್ಚುಮದ್ದುಗಳ ಜೊತೆಗೆ ಕಣ್ಣಿನ ತಪಾಸಣೆ, ಮಾನಸಿಕ ಆರೋಗ್ಯ, ಮೂರ್ಛೆರೋಗ ಇವೂ ಒಂದೇ ಸೂರಿನಡಿ ಬಂದವು. ಗುಂಬಳ್ಳಿಯನ್ನು ಮಾದರಿಯೆಂದು ನೋಡಲು ಹೊರರಾಜ್ಯಗಳಿಂದಲೂ ಜನ ಬಂದರು. ಮುಂದೆ ಅರುಣಾಚಲ ಪ್ರದೇಶದ ಕೆಲವು ಕೇಂದ್ರಗಳನ್ನೂ ಇದೇ ಟ್ರಸ್ಟ್ ವಹಿಸಿಕೊಂಡಿತು. ಕರ್ನಾಟಕದಲ್ಲಿ ಆರೋಗ್ಯ ಬಂಧು ಎಂಬ ಹೆಸರಿನಲ್ಲಿ ಈ ಪದ್ಧತಿಯನ್ನು ಹರಡಿ, ಕೆಲವು ವರ್ಷಗಳ ನಂತರ ಸರ್ಕಾರವೇ ಅದನ್ನು ಕೈಬಿಟ್ಟಿತು.

ಕೈಬಿಟ್ಟದ್ದು ಸರಿಯೋ ತಪ್ಪೋ ಎಂಬ ವಾದದಲ್ಲಿ ನಾನು ಎರಡೂ ಕಡೆಯವರನ್ನು ಪೂರ್ತಿ ಒಪ್ಪಲಾರೆ. ಜನರ ಆರೋಗ್ಯ ಸರ್ಕಾರದ ಹೊಣೆ, ಅದನ್ನು ಸಂಸ್ಥೆಗಳಿಗೆ ಒಪ್ಪಿಸುವುದು ಜಾರಿಕೊಳ್ಳುವ ದಾರಿ ಎಂಬ ಟೀಕೆಯಲ್ಲಿ ಹುರುಳಿದೆ. ಒಳ್ಳೆಯ ಸಂಸ್ಥೆಗೆ ಕೊಟ್ಟ ಅಧಿಕಾರದ ಬೆನ್ನಿಗೇ ಬೋರ್ಡು ಮಾತ್ರ ಇರುವ ಸಂಸ್ಥೆಗಳೂ ಸಾಲುಗಟ್ಟುತ್ತವೆ. ಆದರೆ ಮರಳಿ ಪಡೆದ ಕೇಂದ್ರಕ್ಕೆ ಖಾಯಂ ವೈದ್ಯರನ್ನೂ ದಾದಿಯರನ್ನೂ ಔಷಧ ವಿತರಕರನ್ನೂ ಕೊಡದೆ, ಇದು ಈಗ ನಮ್ಮದು ಎಂದರೆ ಜನರಿಗೆ ಆಗುವ ಲಾಭವೇನು? ಗುಂಬಳ್ಳಿಯಿಂದ ಕಲಿಯಬೇಕಾಗಿದ್ದದ್ದು ಯಾರು ನಡೆಸಬೇಕು ಎಂಬುದಕ್ಕಿಂತ ಏನಿದ್ದರೆ ನಡೆಯುತ್ತದೆ ಎಂಬುದನ್ನು: ರಾತ್ರಿ ಆವರಣದಲ್ಲೇ ಉಳಿಯುವ ಸಿಬ್ಬಂದಿ, ಅವರಿಗೆ ಸೋರದ ಮನೆ, ತಪ್ಪದ ಸಂಬಳ, ಮುಗಿಯುವ ಮುಂಚೆಯೇ ಬರುವ ಔಷಧ. ಇವು ಯಾವುದೂ ತ್ಯಾಗವನ್ನು ಬೇಡುವುದಿಲ್ಲ.

ನಮ್ಮ ನೀತಿಯಾದರೋ ತ್ಯಾಗವನ್ನೇ ಕಾನೂನಿನಿಂದ ವಸೂಲು ಮಾಡಲು ಹೊರಟಿತು. 2012ರ ಕಾಯ್ದೆ ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿತು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಹನ್ನೆರಡು ತಿಂಗಳಲ್ಲಿ ಒಬ್ಬ ತರುಣ ವೈದ್ಯ ಪೋಡುಗಳ ಹೆಸರು ಕಲಿಯುವಷ್ಟರಲ್ಲಿ ಅವನ ಅವಧಿ ಮುಗಿದಿರುತ್ತದೆ. ನನ್ನ ಪರಿಚಯದ ಹಿರಿಯರೊಬ್ಬರು ತಮ್ಮೂರಿನ ಕೇಂದ್ರದ ಬಗ್ಗೆ ಹೇಳುವಂತೆ, ಅಲ್ಲಿ ಪ್ರತಿ ವರ್ಷ ಹೊಸ ಡಾಕ್ಟರಿಗೆ ತಮ್ಮ ಸಕ್ಕರೆ ಕಾಯಿಲೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ದೊಡ್ಡ ಆಸ್ಪತ್ರೆಗಳು ಹತ್ತಿರವಾದ ಮೇಲೆ ಇಂಥ ಪುಟ್ಟ ಆಸ್ಪತ್ರೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಚಾಮರಾಜನಗರಕ್ಕೆ ಮೆಡಿಕಲ್ ಕಾಲೇಜು ಬಂದಿದೆ, 2008ರಿಂದ 108 ಆಂಬುಲೆನ್ಸ್ ಇದೆ, ಮೈಸೂರು ದೂರವೇನಲ್ಲ ಎನ್ನುತ್ತಾರೆ. ಹಗಲಿನಲ್ಲಿ ಈ ಮಾತು ಸರಿ. ಸಂಜೆಯಾದ ಮೇಲೆ ಚೆಕ್‌ಪೋಸ್ಟಿನ ಗೇಟು, ರಸ್ತೆಗೆ ಇಳಿದ ಆನೆ, ಘಾಟಿಯ ತಿರುವು, ಸಿಗ್ನಲ್ ಇಲ್ಲದ ಫೋನು ಇವೆಲ್ಲವನ್ನೂ ದಾಟಿ ಕೆಳಗಿಳಿಯಬೇಕು. ಹಾವು ಕಚ್ಚಿದವರಿಗೆ ಅಷ್ಟು ಸಮಯವಿರುವುದಿಲ್ಲ. ಹಾವಿನ ಕಡಿತಕ್ಕೆ ಚಿಕಿತ್ಸೆ ಆರಂಭಿಸಲು ಬಹುಮಹಡಿ ಕಟ್ಟಡವೂ ಬೇಕಿಲ್ಲ. ಒಂದು ಒಣ, ಶುಚಿಯಾದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ವಾಲಿಸಿ ನೋಡಿದಾಗ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆಯೆಂದು ಲೆಕ್ಕ. ನಾಗರಹಾವಿಗೂ ಕಟ್ಟುಹಾವಿಗೂ ಈ ಪರೀಕ್ಷೆ ನಡೆಯದು. ಅಲ್ಲಿ ಜೋತುಬೀಳುವ ರೆಪ್ಪೆಯನ್ನು, ತೊದಲುವ ಮಾತನ್ನು ಗಮನಿಸುವ ಕಣ್ಣು ಬೇಕು. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಅದು ಆಸ್ಪತ್ರೆಯಲ್ಲಿ ಸಿದ್ಧವಿರಬೇಕು, ಕೊಡಲು ಧೈರ್ಯವಿರುವ, ಕೊಟ್ಟ ಮೇಲೆ ಅಲರ್ಜಿಯಾದರೆ ನಿಭಾಯಿಸಬಲ್ಲ ಒಬ್ಬರು ಅಲ್ಲಿರಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ವರದಿ ಬರೆಯಲು ಪ್ರತಿ ಕೇಂದ್ರದಲ್ಲೂ ಯಾರಾದರೂ ಇರಲಿ ಎಂಬುದಷ್ಟೇ ನನ್ನ ಆಸೆ.

ಕೊನೆಯದಾಗಿ ಕುಡಗೋಲು ಕಣ ರಕ್ತಹೀನತೆಯ ವಿಷಯ, ಅಂದರೆ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ. ಸೋಲಿಗರಲ್ಲಿ ಈ ಅನುವಂಶೀಯ ಕಾಯಿಲೆ ಇದೆಯೆಂಬುದು ಹೊಸ ಸುದ್ದಿಯಲ್ಲ. ಬೆಟ್ಟದ ಆಸ್ಪತ್ರೆ ಇದನ್ನು ದಶಕಗಳಿಂದ ನೋಡುತ್ತಿದೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆಯೂ ಅದರ ವಂಶವಾಹಿಯನ್ನು ಹೊತ್ತವರಾಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ 2047ರೊಳಗೆ ಇದನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಶಿಬಿರಗಳು ನಡೆಯುತ್ತಿವೆ, ರಕ್ತಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಿದ್ದಾರೆ. ಪರೀಕ್ಷೆ ಬೇಕೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಕಾಯಿಲೆಯವರಿಗೆ ನೋವು ಹೇಳಿ ಕೇಳಿ ಬರುವುದಿಲ್ಲ. ಮಾಗಿಯ ಚಳಿಯಲ್ಲಿ, ಮೈಯಲ್ಲಿ ನೀರಿನಂಶ ಕಡಿಮೆಯಾದಾಗ, ಜ್ವರ ಬಂದಾಗ ಮೂಳೆಮೂಳೆಯೂ ಹಿಂಡಿದಂತಾಗುತ್ತದೆ. ಆಗ ಬೇಕಾಗುವುದು ಡ್ರಿಪ್, ಸರಿಯಾದ ನೋವಿನ ಔಷಧ, ಒಂದೆರಡು ದಿನ ಮಲಗಲು ಒಂದು ಹಾಸಿಗೆ. ಉಳಿದ ದಿನಗಳಲ್ಲಿ ತಪ್ಪದೆ ಹೈಡ್ರಾಕ್ಸಿಯೂರಿಯಾ ಎಂಬ ಔಷಧ, ಅದರ ಅಡ್ಡಪರಿಣಾಮ ತಿಳಿಯಲು ಆಗಾಗ ರಕ್ತಪರೀಕ್ಷೆ. ಕಾರ್ಡಿನಲ್ಲಿ ಗಂಡುಹೆಣ್ಣಿನ ಫಲಿತಾಂಶಗಳನ್ನು ಹೊಂದಿಸಿ ನೋಡಿ ಮದುವೆ ಮಾಡಿ ಎಂದು ಬುದ್ಧಿ ಹೇಳುವುದೂ ಸಲೀಸಲ್ಲ. ಕುಲಗಳ ನಡುವೆ ಸಂಬಂಧ ಬೆಳೆಸುವ ಕಟ್ಟಳೆಗಳನ್ನು ಬಲ್ಲವರು, ಆ ಹುಡುಗಿಯ ತಾಯಿಯೊಂದಿಗೆ ಕುಳಿತು ನಿಧಾನವಾಗಿ ಮಾತನಾಡಬಲ್ಲವರು ಅದನ್ನು ಹೇಳಬೇಕು. ಶಿಬಿರದ ವ್ಯಾನು ಸಂಜೆಗೆ ಹಿಂತಿರುಗಿರುತ್ತದೆ.

ಹಾಗಾಗಿ ಈ ಅಭಿಯಾನದ ಹಣದಲ್ಲಿ ಒಂದು ಪಾಲನ್ನು ಯಂತ್ರಗಳಿಗೂ ಕಾರ್ಡುಗಳಿಗೂ ಹಾಕುವ ಬದಲು, ಬೆಟ್ಟದಲ್ಲೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಪೋಡುಗಳಲ್ಲೂ ಈಗಾಗಲೇ ಗುತ್ತಿಗೆಯ ಮೇಲೆ ದುಡಿಯುತ್ತಿರುವ ಬುಡಕಟ್ಟು ದಾದಿಯರ ಹುದ್ದೆಗಳನ್ನು ಖಾಯಂ ಮಾಡುವುದಕ್ಕೆ, ಅವರಿಗೆ ಸಮಾಲೋಚನೆಯ ತರಬೇತಿ ಕೊಡುವುದಕ್ಕೆ ಬಳಸಲಿ ಎಂದು ನಾನು ಕೇಳುತ್ತೇನೆ. ಈ ಬಗ್ಗೆ ಸಂಬಂಧಪಟ್ಟವರಿಗೆ ಪತ್ರ ಬರೆಯುವ ಗೆಳೆಯರು ಯಾರಾದರೂ ಇದ್ದರೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.