ನಮ್ಮಪ್ಪ ಕಾಗದದಲ್ಲಿ ರೈತನೇ ಅಲ್ವಂತೆ

ಈ ತಿಂಗಳಲ್ಲಿ ನಾಲ್ಕನೇ ಸಲ ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರದ ಸೈಬರ್ ಸೆಂಟರ್‌ಗೆ ಹೋಗಿ ಬಂದೆ. ಸ್ಕಾಲರ್‌ಶಿಪ್ ಅರ್ಜಿಯ ಮುಂದೆ ಅದೇ ಸಾಲು: ಪರಿಶೀಲನೆಯಲ್ಲಿದೆ. ಅದೂ ಹೋದ ವರ್ಷದ್ದು! ಫೀಸ್ ಕಟ್ಟೋಕೆ ಮಾತ್ರ ಕೊನೇ ದಿನ ಅಂತ ಇರುತ್ತದೆ, ದಂಡದ ಸಮೇತ. ದುಡ್ಡು ಬರೋಕೆ ಯಾವ ಕೊನೇ ದಿನವೂ ಇಲ್ಲ.

ನಾನು ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಅದರಲ್ಲಿ ನನ್ನ ಆಯ್ಕೆ ಅಂತರರಾಷ್ಟ್ರೀಯ ಸಂಬಂಧಗಳು. "ಸಂಬಂಧನಾ? ಮದುವೆ ಬ್ರೋಕರ್ ಕೋರ್ಸಾ ಇದು?" ಅಂತ ಕ್ಲರ್ಕ್ ನಕ್ಕರು. ನಾನೂ ನಕ್ಕೆ. ಫೈಲ್ ಅವರ ಕೈಯಲ್ಲಿತ್ತಲ್ವಾ.

ಹೊಟ್ಟೆ ಉರಿಯೋದು ಇದಕ್ಕಲ್ಲ. ರೈತರ ಮಕ್ಕಳಿಗೆ ಅಂತ 2021ರಲ್ಲಿ ರಾಜ್ಯ ಸರ್ಕಾರದವರು ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಶುರು ಮಾಡಿದರು. ಸ್ನಾತಕೋತ್ತರ ಓದುವ ಹುಡುಗಿಯರಿಗೆ ವರ್ಷಕ್ಕೆ 11,000 ರೂಪಾಯಿ ಅಂದರು. ನಮ್ಮಪ್ಪ ಜಗಳೂರು ಕಡೆ ಮೂರು ಎಕರೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಕೈ ನೋಡಿದರೆ ಸಾಕು, ರೈತ ಅಂತ ಗೊತ್ತಾಗುತ್ತದೆ. ಆದರೆ ಪಹಣಿಯಲ್ಲಿ ಇನ್ನೂ ತಾತನ ಹೆಸರಿದೆ. ತಾತ ಹೋಗಿ ಹನ್ನೊಂದು ವರ್ಷ ಆಯಿತು. ಹೆಸರಲ್ಲಿ ಜಮೀನಿಲ್ಲದೆ ಅಪ್ಪನಿಗೆ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಇಲ್ಲ. ಆ ನಂಬರ್ ಇಲ್ಲದೆ ನಾನು ರೈತನ ಮಗಳಲ್ಲ. ಆಮೇಲೆ ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳನ್ನೂ ಯೋಜನೆಗೆ ಸೇರಿಸಿದರು, ಒಳ್ಳೇದೇ. ಆದರೆ ಅಪ್ಪ ಕೂಲಿಯೂ ಅಲ್ಲ. ಸೈಬರ್ ಹುಡುಗ ಮಾತ್ರ "ಕೂಲಿ ಅಂತ ಹಾಕಿಬಿಡಿ ಅಕ್ಕ" ಅಂತಾನೆ. ಅಪ್ಪನ ಮುಂದೆ ಈ ಮಾತು ಆಡೋಕೆ ನನಗೆ ಧೈರ್ಯ ಇಲ್ಲ.

ಪೌತಿ ಖಾತೆ ಮಾಡಿಸಿ, ತೀರಿಹೋದ ತಾತನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ ಅಂತೀರಾ? ವಂಶವೃಕ್ಷ ಬೇಕು, ದೊಡ್ಡಪ್ಪನ ಸಹಿ ಬೇಕು. ದೊಡ್ಡಪ್ಪ ಬೋರ್‌ವೆಲ್ ಜಗಳದಲ್ಲಿ ಮಾತು ಬಿಟ್ಟಿದ್ದಾರೆ. ನಾನು 1960ರ ಸಿಂಧೂ ಜಲ ಒಪ್ಪಂದದ ಮೇಲೆ ಸೆಮಿನಾರ್ ಕೊಟ್ಟವಳು. ಭಾರತ ಪಾಕಿಸ್ತಾನದ ನಡುವೆ ವಿಶ್ವಬ್ಯಾಂಕ್ ಆದರೂ ಬಂದು ಕೂತಿತ್ತು. ನಮ್ಮ ಬೋರ್‌ವೆಲ್‌ಗೆ ಯಾರು ಬರುತ್ತಾರೆ?

ಇದರ ಮಧ್ಯೆ ಒಬ್ಬ ಸಂಬಂಧಿಕರು, "ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಹಾಕು, ಇಂಗ್ಲೆಂಡಿನವರೇ ಎಲ್ಲಾ ಖರ್ಚು ಕೊಡುತ್ತಾರೆ" ಅಂತ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು ಸ್ವಾಮಿ. ಮೆಕ್ಕೆಜೋಳ ಬಿಡಿಸಿದ್ದು ಲೆಕ್ಕಕ್ಕೆ ಬರುತ್ತಾ?

ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಅಂತ ಸರ್ಕಾರದ ನೆರವು ಇದೆ, ತಿಂಗಳಿಗೆ ಇಷ್ಟು ಅಂತ, ಅದೂ ವರ್ಷಕ್ಕೆ ಹತ್ತು ತಿಂಗಳು. ಹಾಕಿದ್ದೇನೆ. ಪರಿಶೀಲನೆಯಲ್ಲಿದೆ! ವಿದ್ಯಾನಗರದ ರೂಮಿನ ಓನರ್‌ಗೆ ಬಾಡಿಗೆ ಪರಿಶೀಲನೆಯಲ್ಲಿದೆ ಅಂತ ಹೇಳಿ ನೋಡಿದೆ. ಅವರಿಗೆ ನಗು ಬರಲಿಲ್ಲ.

ನಾಳೆ ಬೆಳಿಗ್ಗೆ ಊರಿನ ಬಸ್ ಹತ್ತುತ್ತೇನೆ. ಅಪ್ಪನಿಗೆ ಹೇಳಿಲ್ಲ. ದೊಡ್ಡಪ್ಪನಿಗೆ ದಾವಣಗೆರೆ ಮಂಡಕ್ಕಿ ಅಂದರೆ ಪ್ರಾಣ, ಎರಡು ಸೇರು ಕಟ್ಟಿಸಿಕೊಂಡಿದ್ದೇನೆ. ಪೆನ್ನೂ ಇಟ್ಟುಕೊಂಡಿದ್ದೇನೆ.