5 ಕಿಲೋಮೀಟರ್ ಒಳಗಿನ ಗರಿಕೆ

2020ರ ಗಣೇಶ ಚೌತಿ ಶನಿವಾರ ಬಂದಿತ್ತು. ಆಗಸ್ಟ್ 22. ಮೆಲ್ಬರ್ನ್‌ನಲ್ಲಿರುವ ನಮಗೆ ಹಬ್ಬ ಶನಿವಾರ ಬಂತು ಅಂದರೆ ಅದೇ ಪುಣ್ಯ, ಆಫೀಸಿಗೆ ರಜೆ ಹಾಕಬೇಕಿಲ್ಲ. ಆದರೆ ಆ ಶನಿವಾರ ರಜೆ ಇದ್ದೂ ಹೋಗಲು ಜಾಗವಿರಲಿಲ್ಲ. ಆಗಸ್ಟ್ 2ರಿಂದ ನಾಲ್ಕನೇ ಹಂತದ ಲಾಕ್‌ಡೌನ್. ಮನೆಯಿಂದ 5 ಕಿಲೋಮೀಟರ್ ದಾಟಬಾರದು. ದಿನಕ್ಕೆ ಒಂದು ಗಂಟೆ ವಾಕಿಂಗ್, ಅದೂ ಇಬ್ಬರೇ. ಅಂಗಡಿಗೆ ಮನೆಗೊಬ್ಬರು. ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ತಪ್ಪಿದರೆ 1,652 ಡಾಲರ್ ದಂಡ.

ಗಣೇಶನ ಮೂರ್ತಿ ಸಿಗಲಿಲ್ಲ. ಗೋಧಿ ಹಿಟ್ಟಿಗೆ ಅರಿಶಿನ ಕಲಸಿ ಮಗಳೇ ಮಾಡಿದಳು. ಕಣ್ಣಿಗೆ ಎರಡು ಕಾಳುಮೆಣಸು. ಸೊಂಡಿಲು ಮೂರು ಸಲ ಕಳಚಿ ಬಿತ್ತು, ಕೊನೆಗೆ ಟೂತ್‌ಪಿಕ್ ಚುಚ್ಚಿ ನಿಲ್ಲಿಸಿದೆವು. ಹೊಟ್ಟೆ ಮಾತ್ರ ಚೆನ್ನಾಗಿ ಬಂದಿತ್ತು.

ಇನ್ನು ಗರಿಕೆ. ನಮ್ಮ ಗರಿಕೆ ಇಲ್ಲಿ ಕೌಚ್ ಅನ್ನೋ ಹೆಸರಲ್ಲಿ ಎಲ್ಲೆಂದರಲ್ಲಿ ಬೆಳೆಯುತ್ತದೆ, ಹೂವಿನ ಪಾತಿಗೆ ನುಗ್ಗಿದರೆ ಕಳೆ ಅಂತ ಕಿತ್ತು ಬಿಸಾಕುತ್ತಾರೆ. ಆದರೆ ಆಗಸ್ಟ್ ಇಲ್ಲಿ ಚಳಿಗಾಲ, ಗರಿಕೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ವಾಕಿಂಗಿಗೆ ಸಿಕ್ಕ ಆ ಒಂದು ಗಂಟೆಯಲ್ಲಿ ಮಗಳೂ ನಾನೂ ಮಾಸ್ಕ್ ಹಾಕಿಕೊಂಡು ಫುಟ್‌ಪಾತ್ ಪಕ್ಕ ಬಗ್ಗಿ ಬಗ್ಗಿ ಹುಡುಕಿದೆವು. ಒಂದು ಮನೆಯ ಬೇಲಿ ಬುಡದಲ್ಲಿ, ಬಿಸಿಲು ಬೀಳುವ ಕಡೆ, ಸ್ವಲ್ಪ ಹಸಿರು ಉಳಿದಿತ್ತು. 21 ಎಳೆ ಎಣಿಸಿ ಕಿತ್ತೆವು. ಕಿಟಕಿಯಿಂದ ಯಾರೋ ನೋಡುತ್ತಿದ್ದರು. ಏನಂದುಕೊಂಡರೋ!

ಮೈಸೂರಿಗೆ ವೀಡಿಯೋ ಕಾಲ್ ಮಾಡಿ ಪೂಜೆ ತೋರಿಸಿದೆ. ಅಮ್ಮ ಮೊದಲು ನೋಡಿದ್ದು ಗರಿಕೆಯನ್ನೇ. "ಇದೇನೋ, ಅರ್ಧ ಒಣಗಿದೆಯಲ್ಲೋ" ಅಂದರು. ಆಮೇಲೆ ಅಲ್ಲಿನ ಸುದ್ದಿ. ಬೀದಿ ಗಣೇಶ 4 ಅಡಿ ಮೀರಬಾರದು, 20 ಜನಕ್ಕಿಂತ ಜಾಸ್ತಿ ಸೇರಬಾರದು ಅಂತ ಕರ್ನಾಟಕ ಸರ್ಕಾರ ಹೇಳಿತ್ತು. "ನಾನು ಬಾಗಿಲಲ್ಲಿ ನಿಂತು ಎಣಿಸಿದೆ ಕಣೋ, ಅರವತ್ತು ಜನಕ್ಕೆ ಕಮ್ಮಿ ಇಲ್ಲ" ಅಂದರು ಅಮ್ಮ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಕೋಸಂಬರಿ ಕೊಟ್ಟಿದ್ದರಂತೆ. "ಮುಟ್ಟಲಿಲ್ಲ ಬಿಡು, ಗೋಡೆ ಮೇಲಿಟ್ಟು ಹೋದರು."

ಇಂಥದ್ದು ಕೇಳಿದಾಗ ನಮ್ಮ ಹೊರನಾಡಿನವರ ಬಾಯಲ್ಲಿ ಒಂದು ಮಾತು ರೆಡಿ ಇರುತ್ತದೆ. "ನೋಡಿ, ಇಲ್ಲಿ ಜನ ರೂಲ್ಸ್ ಪಾಲಿಸ್ತಾರೆ, ನಮ್ಮೋರಿಗೆ ಬುದ್ಧಿ ಬರಲ್ಲ." ನಾನೂ ಹೇಳಿದ್ದೇನೆ, ಸುಳ್ಳು ಯಾಕೆ. ಈಗ ಆ ಮಾತು ಕೇಳಿದರೆ ಕಸಿವಿಸಿಯಾಗುತ್ತದೆ. ನಾನು ಮನೆಯಲ್ಲೇ ಕೂತಿದ್ದು ನನ್ನ ಶಿಸ್ತಿನಿಂದಲ್ಲ. ಲ್ಯಾಪ್‌ಟಾಪ್ ಮುಂದೆ ಕೂತರೆ ಸಂಬಳ ಬರುತ್ತಿತ್ತು. ಫ್ರಿಜ್ ತುಂಬಿತ್ತು. ಕೆಲಸ ನಿಂತ ಎಷ್ಟೋ ಜನರಿಗೆ ಸರ್ಕಾರವೇ ಎರಡು ವಾರಕ್ಕೆ 1,500 ಡಾಲರ್ ಕೊಡಿಸುತ್ತಿತ್ತು. ಅಮ್ಮನ ಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಯಾರು ಕೊಡುತ್ತಾರೆ? ಅವಳು ಗಾಡಿ ತಳ್ಳಿಕೊಂಡು ಬರಲೇಬೇಕು.

ಇಲ್ಲೂ ರೂಲ್ಸ್ ಎಲ್ಲರಿಗೂ ಒಂದೇ ಆಗಿರಲಿಲ್ಲ. ಜುಲೈ 4ರಂದು ಫ್ಲೆಮಿಂಗ್ಟನ್, ನಾರ್ತ್ ಮೆಲ್ಬರ್ನ್‌ನಲ್ಲಿ ಬಡವರಿರುವ ಒಂಬತ್ತು ಸರ್ಕಾರಿ ವಸತಿ ಕಟ್ಟಡಗಳನ್ನು ಮುಂಚೆ ಹೇಳದೆ ಪೊಲೀಸರು ಸುತ್ತುವರಿದರು. ಸುಮಾರು 3,000 ಜನ ಒಳಗೇ ಉಳಿದರು, ಹೊಸ್ತಿಲು ದಾಟುವ ಹಾಗಿಲ್ಲ. ಅದು ಮಾನವ ಹಕ್ಕು ಕಾನೂನಿಗೇ ವಿರುದ್ಧ ಅಂತ ಸರ್ಕಾರದ ಮೇಲಿನ ದೂರು ವಿಚಾರಿಸುವ ಇಲ್ಲಿನ ಓಂಬುಡ್ಸ್‌ಮನ್ ಅದೇ ಡಿಸೆಂಬರ್‌ನಲ್ಲಿ ಹೇಳಿದರು. ನಮ್ಮ ಬೀದಿಗೆ ಒಬ್ಬ ಪೊಲೀಸ್ ಕೂಡ ಬಂದದ್ದು ನಾನು ಕಾಣೆ.

ಮಧ್ಯಾಹ್ನ ಊಟ ಆದ ಮೇಲೆ ಮಕ್ಕಳಿಗೆ ಬೇಜಾರು. ನಾವು ಚಿಕ್ಕವರಿದ್ದಾಗ ಚೌತಿ ದಿನ ಗುಂಪು ಕಟ್ಟಿಕೊಂಡು ಮನೆಮನೆಗೂ ಹೋಗಿ "ಗಣೇಶ ಕೂರ್ಸಿದ್ದೀರಾ?" ಅಂತ ಕೇಳುತ್ತಿದ್ದೆವು. 108 ಗಣೇಶ ನೋಡಬೇಕು ಅಂತ ಲೆಕ್ಕ. ಅದನ್ನೇ ಫೋನಿನಲ್ಲಿ ಶುರು ಮಾಡಿದೆವು. ಒಬ್ಬೊಬ್ಬರಿಗೆ ವೀಡಿಯೋ ಕಾಲ್, "ಅಂಕಲ್, ಗಣೇಶ ಕೂರ್ಸಿದ್ದೀರಾ?" ಬೆಂಗಳೂರು, ಶಿವಮೊಗ್ಗ, ಸಿಡ್ನಿ, ನ್ಯೂಜೆರ್ಸಿ. ಅಲ್ಲಿ ಆಗ ನಡುರಾತ್ರಿ, ಪಾಪ, ಎದ್ದು ತೋರಿಸಿದರು.

ಹದಿನಾಲ್ಕನೇ ಕರೆ ದಾವಣಗೆರೆಯ ಹುಡುಗನಿಗೆ. ಓದಲು ಬಂದವನು, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಆ ಕೆಲಸವೂ ಹೋಗಿತ್ತು. ಸ್ಟೂಡೆಂಟ್ ವೀಸಾದವರಿಗೆ ಆ 1,500 ಡಾಲರ್ ಇಲ್ಲ. ಫ್ರಿಜ್ ಬಾಗಿಲಿಗೆ ಗಣೇಶನ ಫೋಟೋ ಅಂಟಿಸಿ ಮುಂದೆ ಒಂದು ಬಾಳೆಹಣ್ಣು ಇಟ್ಟಿದ್ದ.

"ಅಣ್ಣಾ, ಕಡುಬೆಲ್ಲಿ?" ಅಂದಳು ಮಗಳು.

"ನಿಮ್ಮನೇಲಿದೆಯಲ್ಲ ಪುಟ್ಟಿ" ಅಂತ ನಕ್ಕ.

ಅವನ ರೂಮು ನಮ್ಮ ಮನೆಯಿಂದ 7 ಕಿಲೋಮೀಟರ್. ಸಂಜೆ ಅಮ್ಮನಿಗೆ ಹೇಳಿದೆ. "ಏಳೇ ಕಿಲೋಮೀಟರ್ ಅಲ್ವೇನೋ, ಹೋಗಿ ಕೊಟ್ಟು ಬಾರೋ" ಅಂದರು. ಡಬ್ಬಿಗೆ ಎಂಟು ಕಡುಬು ಹಾಕಿಟ್ಟೆ. ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತೆ. ಹೋಗಲಿಲ್ಲ. ಭಾನುವಾರ ಹಿಟ್ಟಿನ ಗಣೇಶನನ್ನು ಬಕೆಟ್ಟಿನಲ್ಲಿ ಬಿಟ್ಟು, ನೀರನ್ನು ಹಿತ್ತಲ ನಿಂಬೆಗಿಡಕ್ಕೆ ಸುರಿದೆವು. ಆ ಕಡುಬನ್ನು ಬಿಸಿ ಮಾಡಿಕೊಂಡು ನಾವೇ ತಿಂದೆವು.