ಮಂಗನ ಮಡಿಲಲ್ಲಿ ನಾಯಿಮರಿ

ಬೆಳಿಗ್ಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ತೋಟದ ಅಂಚಿನ ಹಲಸಿನ ಮರದಲ್ಲಿ ಒಂದು ಹೆಣ್ಣು ಮಂಗ ನಾಯಿಮರಿಯೊಂದನ್ನು ಹೊಟ್ಟೆಗೆ ಅವುಚಿಕೊಂಡು ಕುಳಿತಿತ್ತು. ಈಚೆಗಷ್ಟೇ ಕಣ್ಣು ಬಿಟ್ಟ ಕಂದು ಮರಿ. ಅದರ ಕಿವಿಯನ್ನು ಮಡಿಸಿ, ಒಳಗಿನ ಉಣುಗನ್ನು ಎರಡು ಬೆರಳಲ್ಲಿ ಹೆಕ್ಕುತ್ತಿತ್ತು. ಮರಿ ಕುಂಯ್ ಎಂದರೆ ಕೈ ನಿಲ್ಲಿಸಿ ಮುಖ ನೋಡುತ್ತಿತ್ತು, ಸುಮ್ಮನಾದ ಮೇಲೆ ಮತ್ತೆ ಕಿವಿಗೆ ಕೈ.

ಪಕ್ಕದ ಮನೆಯ ಭಾವನನ್ನು ಕರೆದು ತೋರಿಸಿದೆ. “ಅದರ ಮರಿ ಸತ್ತಿರಬೇಕು, ಇದನ್ನೇ ತನ್ನದು ಎಂದುಕೊಂಡಿದೆ. ಕಾಡುಪ್ರಾಣಿಗೆ ಪರೋಪಕಾರ ಎಲ್ಲಿಂದ ಬರಬೇಕು?” ಎಂದು ಹೊರಟೇಬಿಟ್ಟರು. ಇದೇ ಭಾವ ಹೋದ ತಿಂಗಳು ಮಂಗಗಳು ಎಳೆ ಅಡಿಕೆ ಕಚ್ಚಿ ಉದುರಿಸಿದಾಗ “ಬೇಕೆಂದೇ ಮಾಡುತ್ತವೆ, ಹಗೆ ಸಾಧಿಸುತ್ತವೆ” ಎಂದಿದ್ದರು. ಹಾಳು ಮಾಡಿದರೆ ಬುದ್ಧಿ, ಕಾಪಾಡಿದರೆ ಭ್ರಮೆ! ಇದು ಯಾವ ನ್ಯಾಯ?

ಗುಜರಾತಿನ ಗಿರ್ ಕಾಡಿನಲ್ಲಿ 2018ರ ಕೊನೆಗೆ ಒಂದು ಸಿಂಹಿಣಿ ಚಿರತೆಯ ಮರಿಯನ್ನು ಜೊತೆಗಿಟ್ಟುಕೊಂಡು ಹಾಲೂಡಿಸಿತು. ಮರಿ ಕಳೆದುಕೊಂಡ ದುಃಖಕ್ಕೆ ಎನ್ನೋಣವೆಂದರೆ ಅದಕ್ಕೆ ಸ್ವಂತದ್ದೇ ಎರಡು ಮರಿಗಳಿದ್ದವು. ಹುಟ್ಟಿನಿಂದಲೇ ಇದ್ದ ಹರ್ನಿಯಾದಿಂದ ಚಿರತೆಮರಿ ಸತ್ತಿತು. ಅಲ್ಲಿಯವರೆಗೆ, ಸುಮಾರು ಒಂದೂವರೆ ತಿಂಗಳು, ಹಗೆಯ ಕುಲದ ಮರಿಗೆ ಅಲ್ಲಿ ಎಡೆಯಿತ್ತು.

ಅಂಟಾರ್ಕ್ಟಿಕಾದ ಕಡಲಿನದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. 2009ರಲ್ಲಿ ಓರ್ಕಾಗಳು, ಅಂದರೆ ಗುಂಪಾಗಿ ಬೇಟೆಯಾಡುವ ಕೊಲೆಗಾರ ತಿಮಿಂಗಿಲಗಳು, ಅಟ್ಟಿಸಿಕೊಂಡು ಬಂದ ಸೀಲ್ ಎಂಬ ಕಡಲಪ್ರಾಣಿಯೊಂದನ್ನು ಹಂಪ್‌ಬ್ಯಾಕ್ ತಿಮಿಂಗಿಲ ಅಂಗಾತ ತಿರುಗಿ ಎದೆಯ ಮೇಲೆ ಹೊತ್ತುಕೊಂಡಿತು. ಸೀಲ್ ಜಾರಿದಾಗ ಈಜುರೆಕ್ಕೆಯಿಂದ ಮೆಲ್ಲಗೆ ಮೇಲಕ್ಕೆ ತಳ್ಳಿತು. ಕಡಲಜೀವಿಗಳ ವಿಜ್ಞಾನಿ ರಾಬರ್ಟ್ ಪಿಟ್‌ಮನ್ ಮತ್ತು ಸಂಗಡಿಗರು ಹಂಪ್‌ಬ್ಯಾಕ್ ಮತ್ತು ಓರ್ಕಾಗಳ 115 ಮುಖಾಮುಖಿಗಳನ್ನು ಕಲೆಹಾಕಿದ್ದಾರೆ. ಓರ್ಕಾಗಳ ಬೇಟೆ ಯಾವುದೆಂದು ತಿಳಿದ ಕಡೆಗಳಲ್ಲಿ ಹೆಚ್ಚಿನವು ಹಂಪ್‌ಬ್ಯಾಕ್ ಅಲ್ಲದ ಬೇರೆ ಜಾತಿಯ ಪ್ರಾಣಿಗಳೇ.

ಓರ್ಕಾಗಳ ಕೂಗು ಕೇಳಿದೊಡನೆ, ತಮ್ಮ ಮರಿಗಳನ್ನು ಕಾದು ಬಂದ ಅಭ್ಯಾಸದಿಂದ ಹಂಪ್‌ಬ್ಯಾಕ್‌ಗಳು ನುಗ್ಗುತ್ತವೆ, ಯಾರನ್ನು ಉಳಿಸುತ್ತಿದ್ದೇವೆ ಎಂಬುದು ತಿಳಿದಿರಲಿಕ್ಕಿಲ್ಲ ಎಂದು ವಿಜ್ಞಾನಿಗಳೇ ಹೇಳುತ್ತಾರೆ. ಇರಬಹುದು. ನುಗ್ಗಿದ್ದು ಅಭ್ಯಾಸಬಲದಿಂದಲೇ ಆಗಲಿ. ಎದೆಯ ಮೇಲಿದ್ದದ್ದು ತನ್ನ ಮರಿಯಲ್ಲ ಎಂದು ಅಷ್ಟು ಹತ್ತಿರದಿಂದಲೂ ತಿಳಿಯಲಿಲ್ಲವೇ? ನಮ್ಮೂರಿನಲ್ಲಿ ಬಾಣಂತಿಯೊಬ್ಬಳು ಪಕ್ಕದ ಮನೆಯ ತಬ್ಬಲಿ ಕೂಸಿಗೆ ಹಾಲು ಕೊಟ್ಟರೆ “ಪಾಪ, ಅವಳಿಗೆ ಗುರುತು ತಪ್ಪಿದೆ” ಎಂದು ಯಾರಾದರೂ ಅನ್ನುತ್ತಾರೆಯೇ? ಆ ಕರುಣೆಯೂ ತಾಯ್ತನದಿಂದಲೇ ಹುಟ್ಟಿದ್ದು.

ಹೇಳಲೇಬೇಕಾದ ಮಾತೊಂದಿದೆ. ಎರಡು ವರ್ಷದ ಹಿಂದೆ ಇದೇ ಹಲಸಿನ ಮರದ ಕೆಳಗೆ ನಾನು ಗರ್ನಾಲು ಪಟಾಕಿ ಹಚ್ಚಿದ್ದೆ. ಬೆಚ್ಚಿದ ತಾಯಿಯ ಹಿಡಿತದಿಂದ ಒಂದು ಮರಿ ಕಲ್ಲಿನ ಮೇಲೆ ಬಿತ್ತು. ಆ ತಾಯಿ ಅದನ್ನು ಎತ್ತಿಕೊಂಡು ಮೂರು ದಿನ ತಿರುಗಿತು. ಅದೇ ಮಂಗ ಇದು ಎಂದು ಹೇಳುವ ಧೈರ್ಯ ನನಗಿಲ್ಲ, ಅಲ್ಲ ಎನ್ನುವುದಕ್ಕೂ ಇಲ್ಲ.

ಸಂಜೆ ಮತ್ತೆ ಹೋಗಿ ನೋಡಿದೆ. ನಾಯಿಮರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮರದ ಬುಡದಲ್ಲಿ ಹಾಲಿನ ತಟ್ಟೆ ಇಟ್ಟು ದೂರ ನಿಂತೆ. ಕತ್ತಲಾಗುವವರೆಗೂ ಮಂಗ ಕೆಳಗಿಳಿಯಲಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.